ಬೀದಿದೀಪದ ಊರಿನಿಂದ ನೀಹಾರಿಕೆಯ ಚಿತ್ರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮೈಸೂರು, ಮಂಡ್ಯ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು: ಮನೆಯ ತಾರಸಿಯಿಂದಲೇ ನ್ಯಾರೋಬ್ಯಾಂಡ್ ಫಿಲ್ಟರ್ (ಬೆಳಕಿನ ಕಿರಿದಾದ ಪಟ್ಟಿಯೊಂದನ್ನಷ್ಟೇ ಬಿಡುವ ಗಾಜು) ಹಾಕಿ ನೀಹಾರಿಕೆಗಳ, ಅಂದರೆ ಆಕಾಶದ ಅನಿಲ-ಧೂಳಿನ ಮೋಡಗಳ, ಚಿತ್ರ ತೆಗೆಯುವುದು. ಒಂದೇ ತೆರನಾದ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ಬೀದಿಯಲ್ಲಿ ಸೋಡಿಯಂ ದೀಪಗಳಿದ್ದಾಗ, ಅವುಗಳ ಬೆಳಕು ತಡೆಯಲೆಂದು ಕೊಂಡ ಸಿಎಲ್‌ಎಸ್ ಫಿಲ್ಟರ್ ಆಗ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಈಗ ರಸ್ತೆಗೆಲ್ಲ ಎಲ್‌ಇಡಿ ಬಂದಿದೆ. ಅದೇ ಫಿಲ್ಟರ್, ಅದೇ ಕ್ಯಾಮೆರಾ, ಚಿತ್ರ ಮಾತ್ರ ಬೂದಿ ಬಳಿದ ಹಾಗೆ ಬರುತ್ತಿದೆ. ಫಿಲ್ಟರ್ ಹಾಳಾಗಿದೆಯೆ? ಅರಮನೆಯ ದೀಪಾಲಂಕಾರವೂ ಅಡ್ಡಿಯಾಗುತ್ತದೆಯೆ?
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಫಿಲ್ಟರ್ ಹಾಳಾಗಿಲ್ಲ. ಅದು ತಡೆಯಬೇಕಾದ ಬೆಳಕೇ ಬದಲಾಗಿದೆ. ಸೋಡಿಯಂ ದೀಪದ ಬೆಳಕಿನ ದೊಡ್ಡ ಪಾಲು 589 ನ್ಯಾನೋಮೀಟರಿನ ಆಸುಪಾಸಿನ ಹಳದಿ-ಕಿತ್ತಳೆ ಪಟ್ಟಿಯಲ್ಲಿರುತ್ತದೆ. ಹಳೆಯ ಪಾದರಸದ ದೀಪಗಳ ಬೆಳಕೂ ಕೆಲವೇ ಗೆರೆಗಳಲ್ಲಿ ಕೂಡಿರುತ್ತಿತ್ತು. ಆ ಜಾಗಗಳನ್ನು ಮಾತ್ರ ಮುಚ್ಚಿ ಉಳಿದದ್ದನ್ನು ಬಿಡುವುದು ಸಿಎಲ್‌ಎಸ್‌ನಂಥ ಫಿಲ್ಟರುಗಳ ಉಪಾಯ. ಬಿಳಿ ಎಲ್‌ಇಡಿಯ ಕಥೆ ಬೇರೆ. 450 ನ್ಯಾನೋಮೀಟರಿನ ಸುತ್ತ ಒಂದು ಚೂಪಾದ ನೀಲಿ ಶಿಖರ, ಅದರ ನಂತರ ಹಸಿರಿನಿಂದ ಕೆಂಪಿನವರೆಗೆ ಅಗಲವಾಗಿ ಹರಡಿದ ಫಾಸ್ಫರ್ ಬೆಳಕು. ಮುಚ್ಚಲು ಒಂದು ನಿರ್ದಿಷ್ಟ ಜಾಗವೇ ಇಲ್ಲ. ಆದ್ದರಿಂದ ಈಗ ಯೋಚನೆಯನ್ನು ತಿರುಗಿಸಬೇಕು: ಊರಿನ ಬೆಳಕನ್ನು ಹುಡುಕಿ ತಡೆಯುವುದಲ್ಲ, ನೀಹಾರಿಕೆಯ ಬೆಳಕನ್ನು ಮಾತ್ರ ಒಳಗೆ ಬಿಟ್ಟು ಮಿಕ್ಕದ್ದನ್ನೆಲ್ಲ ಹೊರಗಿಡುವುದು.

ಇದು ಸಾಧ್ಯವಾಗುವುದು ನೀಹಾರಿಕೆಯ ಅನಿಲ ಕೆಲವೇ ತರಂಗಾಂತರಗಳಲ್ಲಿ ಬೆಳಗುವುದರಿಂದ. ಅಯಾನೀಕರಣಗೊಂಡ ಜಲಜನಕದ ಹೈಡ್ರೋಜನ್-ಆಲ್ಫಾ ಗೆರೆ 656.3 ನ್ಯಾನೋಮೀಟರಿನಲ್ಲಿದೆ. ಎರಡು ಇಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕದ ಓ-3 ಗೆರೆಗಳು 500.7 ಮತ್ತು 495.9ರಲ್ಲಿವೆ, ಮೊದಲನೆಯದು ಎರಡನೆಯದಕ್ಕಿಂತ ಮೂರು ಪಟ್ಟು ಪ್ರಬಲ. ಗಂಧಕದ ಎಸ್-2 ಜೋಡಿ 671.6 ಮತ್ತು 673.1ರಲ್ಲಿದೆ. ಕಣ್ಣಿಗೆ ಕಾಣುವ ಬೆಳಕು 400ರಿಂದ 700ರವರೆಗೆ, ಅಂದರೆ 300 ನ್ಯಾನೋಮೀಟರು ಅಗಲ. ಅದರಲ್ಲಿ 7 ನ್ಯಾನೋಮೀಟರನ್ನು ಮಾತ್ರ ಬಿಟ್ಟುಕೊಂಡರೆ, ಸಮನಾಗಿ ಹರಡಿದ ಹಿನ್ನೆಲೆ ಬೆಳಕು ಸುಮಾರು 43ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಖಗೋಳದ ಅಳತೆಯಲ್ಲಿ ಹೇಳುವುದಾದರೆ ಸುಮಾರು 4 ಮ್ಯಾಗ್ನಿಟ್ಯೂಡ್ (ಹೊಳಪಿನ ದರ್ಜೆ). ನಗರದ ನಡುವಿನ ಆಕಾಶಕ್ಕೂ ಕಾಡಂಚಿನ ಆಕಾಶಕ್ಕೂ ಇರುವ ಅಂತರ ಹೆಚ್ಚುಕಡಿಮೆ ಅಷ್ಟೇ. ನೀಹಾರಿಕೆಯ ಆ ಗೆರೆ ಮಾತ್ರ ಬಹುಪಾಲು ಹಾಗೇ ಒಳಗೆ ಬರುತ್ತದೆ.

ಎಲ್‌ಇಡಿಯಿಂದ ಒಂದು ಅನುಕೂಲವೂ ಇದೆ. ಅದರ ಫಾಸ್ಫರ್ ಬೆಳಕು ಕಡುಗೆಂಪಿನ ಕಡೆಗೆ ಇಳಿಮುಖ. ಹಾಗಾಗಿ ಹೈಡ್ರೋಜನ್-ಆಲ್ಫಾಗೂ ಎಸ್-2ಗೂ ತೊಂದರೆ ಕಡಿಮೆ, ಓ-3ಗೆ ಹೆಚ್ಚು. ಅರಮನೆಯ ದೀಪಾಲಂಕಾರದ ಬಗ್ಗೆ ಕೇಳಿದ್ದೀರಿ. ತಂತಿ ಕಾಯಿಸಿ ಉರಿಯುವ ಬಲ್ಬಿನ ಬೆಳಕಿನಲ್ಲಿ ಕೆಂಪಿನ ಪಾಲು ದೊಡ್ಡದು, ಆದ್ದರಿಂದ ಅದು ಹೈಡ್ರೋಜನ್-ಆಲ್ಫಾ ಕಿಟಕಿಯಲ್ಲಿ, ಅಂದರೆ ಫಿಲ್ಟರ್ ಬಿಡುವ ಪಟ್ಟಿಯಲ್ಲಿ, ನುಸುಳುತ್ತದೆ. ಆದರೆ ಭಾನುವಾರ ಸಂಜೆ ಅದು ಉರಿಯುವುದು ಸ್ವಲ್ಪ ಹೊತ್ತು ಮಾತ್ರ. ದೀಪ ಆರಿದ ಮೇಲೆ ಕೆಲಸ ಶುರುಮಾಡಿದರಾಯಿತು.

ಪ್ರಶ್ನೆ: ಬಣ್ಣದ ಕ್ಯಾಮೆರಾಕ್ಕೆ ಹೈಡ್ರೋಜನ್-ಆಲ್ಫಾ, ಓ-3 ಎರಡನ್ನೂ ಬಿಡುವ ಡ್ಯುಯಲ್-ಬ್ಯಾಂಡ್ ಫಿಲ್ಟರ್ ಕೊಳ್ಳಬೇಕು. 7 ನ್ಯಾನೋಮೀಟರಿನದು ಸಾಕೆ, ದುಬಾರಿಯಾದರೂ 3ರದೇ ಬೇಕೆ?
— ಓದುಗರು, ವಿಜಯನಗರ ಎರಡನೇ ಹಂತ, ಮೈಸೂರು

ಉತ್ತರ: ಮೊದಲು ನಿಮ್ಮ ದೂರದರ್ಶಕದ ಎಫ್ ಸಂಖ್ಯೆ (ನಾಭಿದೂರವನ್ನು ಲೆನ್ಸಿನ ವ್ಯಾಸದಿಂದ ಭಾಗಿಸಿದ್ದು) ನೋಡಿಕೊಳ್ಳಿ. ಇವು ಹಲವು ತೆಳುಪದರಗಳ ಲೇಪನದಿಂದ ಕೆಲಸ ಮಾಡುವ ಫಿಲ್ಟರುಗಳು. ಬೆಳಕು ಓರೆಯಾಗಿ ಬಿದ್ದರೆ ಅವುಗಳ ಕಿಟಕಿ ನೀಲಿಯ ಕಡೆಗೆ ಜರುಗುತ್ತದೆ. ಎಫ್/5ರಲ್ಲಿ ಅಂಚಿನ ಕಿರಣ ಸುಮಾರು 5.7 ಡಿಗ್ರಿ ಓರೆ, ಜರುಗುವುದು ಒಂದು ನ್ಯಾನೋಮೀಟರಿಗಿಂತ ಕಡಿಮೆ. ಎಫ್/2ರಲ್ಲಿ ಅಂಚಿನ ಕಿರಣ 14 ಡಿಗ್ರಿ ಓರೆ, ಜರುಗುವಿಕೆ 4–5 ನ್ಯಾನೋಮೀಟರಿನವರೆಗೂ ಹೋಗಬಹುದು. 3 ನ್ಯಾನೋಮೀಟರಿನ ಕಿಟಕಿ ಅಷ್ಟು ಜರುಗಿದರೆ ಹೈಡ್ರೋಜನ್-ಆಲ್ಫಾ ಹೊರಗೇ ಉಳಿಯುತ್ತದೆ. ಎಫ್/5, ಎಫ್/6ರ ಚಿಕ್ಕ ರಿಫ್ರ್ಯಾಕ್ಟರಿಗೆ (ಲೆನ್ಸಿನ ದೂರದರ್ಶಕಕ್ಕೆ) 3 ಧಾರಾಳವಾಗಿ ಒಪ್ಪುತ್ತದೆ. ಎಫ್/2ರ ಲೆನ್ಸಿಗೆ ವೇಗದ (ಎಫ್ ಸಂಖ್ಯೆ ಚಿಕ್ಕದಾದ) ದೂರದರ್ಶಕಗಳಿಗೆಂದೇ ಕಿಟಕಿಯನ್ನು ಮೊದಲೇ ಜರುಗಿಸಿ ಮಾಡಿದ ಫಿಲ್ಟರ್ ಬೇಕು.

ಲಾಭದ ಲೆಕ್ಕ ಹೀಗೆ: ಆಕಾಶದ ಹಿನ್ನೆಲೆಯೇ ಮುಖ್ಯ ಶತ್ರುವಾಗಿರುವ ಕಡೆ 7ರಿಂದ 3ಕ್ಕೆ ಇಳಿದರೆ ಹಿನ್ನೆಲೆ ಏಳರಲ್ಲಿ ಮೂರು ಪಾಲಾಗುತ್ತದೆ, ಅದೇ ಗುಣಮಟ್ಟದ ಚಿತ್ರಕ್ಕೆ ಬೇಕಾದ ಒಟ್ಟು ಸಮಯವೂ ಅಷ್ಟೇ ಇಳಿಯುತ್ತದೆ. 7ರಲ್ಲಿ ಏಳು ಗಂಟೆ ಬೇಕಾದದ್ದು 3ರಲ್ಲಿ ಮೂರು ಗಂಟೆ. ವಿಜಯನಗರದಂಥ ಬಡಾವಣೆಯಲ್ಲಿ, ಎಫ್/5ಕ್ಕಿಂತ ನಿಧಾನದ ದೂರದರ್ಶಕವಿದ್ದರೆ, 3ಕ್ಕೆ ಹಾಕುವ ಹಣ ವ್ಯರ್ಥವಲ್ಲ ಎಂಬುದು ನಮ್ಮ ಅಭಿಪ್ರಾಯ. ಹಣ ಸಾಲದಿದ್ದರೆ 7ರದನ್ನು ಧೈರ್ಯವಾಗಿ ತಗೊಳ್ಳಿ. ಆದರೆ ಓ-3 ಕಿಟಕಿಯನ್ನು 24 ನ್ಯಾನೋಮೀಟರಿನಷ್ಟು ಅಗಲಕ್ಕೆ ಬಿಟ್ಟಿರುವ ಮಾದರಿಗಳಿವೆ. ಅವು ಊರ ಹೊರಗಿನವರಿಗೆ ಸರಿ, ನಿಮಗಲ್ಲ.

ಫಿಲ್ಟರ್ ಸೇರಿಸಿದಾಗ ಸೆನ್ಸರಿನವರೆಗಿನ ದೂರವನ್ನೂ ತಿದ್ದಿಕೊಳ್ಳಬೇಕು. ಚಿತ್ರದ ಅಂಚನ್ನು ಸರಿಪಡಿಸುವ ಲೆನ್ಸಾದ ಫ್ಲ್ಯಾಟ್‌ನರಿಗೆ 55 ಮಿಲಿಮೀಟರ್ ಬೇಕಿದ್ದರೆ, 2 ಮಿಲಿಮೀಟರ್ ದಪ್ಪದ ಫಿಲ್ಟರಿಗೆ ಅದರ ಮೂರನೇ ಒಂದರಷ್ಟು, ಅಂದರೆ ಸುಮಾರು 0.7 ಮಿಲಿಮೀಟರ್ ಹೆಚ್ಚು ಕೊಡಿ. ಮೂಲೆಯ ನಕ್ಷತ್ರಗಳು ಉದ್ದುದ್ದವಾಗಿ ಬರುವುದಕ್ಕೆ ಇದನ್ನು ಮರೆಯುವುದೂ ಒಂದು ಕಾರಣ.

ಪ್ರಶ್ನೆ: ಇದೇ ಫಿಲ್ಟರಿನಲ್ಲಿ ಆಂಡ್ರೊಮಿಡಾ ಗ್ಯಾಲಕ್ಸಿ, ಕೃತ್ತಿಕೆಯ ಸುತ್ತಲಿನ ನೀಲಿ ಮೋಡ ತೆಗೆಯಬಹುದೆ?
— ಓದುಗರು, ಮದ್ದೂರು

ಉತ್ತರ: ಬೇಡ. ಗ್ಯಾಲಕ್ಸಿಯದು ಕೋಟ್ಯಂತರ ನಕ್ಷತ್ರಗಳ ಬೆಳಕು, ಕೃತ್ತಿಕೆಯ ಮೋಡದ್ದು ಧೂಳಿನ ಮೇಲೆ ಬಿದ್ದು ಚದುರಿದ ನಕ್ಷತ್ರದ ಬೆಳಕು. ಎರಡೂ ಎಲ್ಲ ತರಂಗಾಂತರಗಳಲ್ಲಿ ಹರಡಿರುವುದರಿಂದ ಫಿಲ್ಟರ್ ಊರಿನ ಬೆಳಕಿನ ಜೊತೆಗೆ ಅವನ್ನೂ ಅದೇ ಪ್ರಮಾಣದಲ್ಲಿ ಕತ್ತರಿಸುತ್ತದೆ. ಅವುಗಳಿಗೆ ಫಿಲ್ಟರ್ ಬಿಚ್ಚಿ, ಮೇಲುಕೋಟೆ ಅಥವಾ ಎಚ್.ಡಿ. ಕೋಟೆಯ ಕಡೆ ದೀಪ ವಿರಳವಾದ ಜಾಗಕ್ಕೆ ಹೋಗಿ.

ಪ್ರಶ್ನೆ: ಧ್ರುವ ನಕ್ಷತ್ರ ಪಕ್ಕದ ಮನೆಯ ನೀರಿನ ಟ್ಯಾಂಕಿನ ಹಿಂದೆ ಅಡಗಿದೆ. ಪೋಲಾರ್ ಅಲೈನ್‌ಮೆಂಟ್ (ದೂರದರ್ಶಕವನ್ನು ಹೊತ್ತು ತಿರುಗಿಸುವ ಮೌಂಟಿನ ಅಕ್ಷವನ್ನು ಆಕಾಶದ ಧ್ರುವಕ್ಕೆ ಹೊಂದಿಸುವುದು) ಮಾಡುವುದು ಹೇಗೆ? ಜೊತೆಗೆ, ಸಮತೂಕಕ್ಕೆ ಹಾಕುವ ಕೌಂಟರ್‌ವೇಟ್ ಟ್ರೈಪಾಡಿನ ಕಾಲಿಗೆ ತಾಗುತ್ತದೆ.
— ಓದುಗರು, ಸರಸ್ವತೀಪುರಂ, ಮೈಸೂರು

ಉತ್ತರ: ಮೈಸೂರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಧ್ರುವ ನಕ್ಷತ್ರವೂ ದಿಗಂತದಿಂದ ಅಷ್ಟೇ ಮೇಲಿರುವುದು. ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿಗಿಂತ ತುಸು ಮೇಲೆ. ಮನೆಗಳು ಒತ್ತಾಗಿರುವ ಬಡಾವಣೆಯಲ್ಲಿ ಅದು ಕಾಣದಿರುವುದೇ ಹೆಚ್ಚು. ಅದಿಲ್ಲದೆ ಮಾಡುವ ದಾರಿ ಎರಡು.

ಮೊದಲನೆಯದು, ಆಕಾಶದ ಯಾವ ಭಾಗದಲ್ಲಾದರೂ ಮೂರು ಚಿತ್ರ ತೆಗೆದು ಮೌಂಟಿನ ಅಕ್ಷವನ್ನು ಲೆಕ್ಕ ಹಾಕುವ ತಂತ್ರಾಂಶ. ಉಚಿತವಾಗಿ ಸಿಗುವ ‘ನೀನಾ’ದಲ್ಲಿ ಥ್ರೀ ಪಾಯಿಂಟ್ ಪೋಲಾರ್ ಅಲೈನ್‌ಮೆಂಟ್ ಎಂಬ ಪ್ಲಗಿನ್ ಇದೆ. ಮೌಂಟನ್ನು ಉತ್ತರಕ್ಕಿಡಿ, ಸ್ಪಿರಿಟ್ ಲೆವೆಲ್ ಹಾಕಿ ಮಟ್ಟ ಮಾಡಿ, ಎತ್ತರದ ಮಾಪಕವನ್ನು 12ಕ್ಕೆ ತನ್ನಿ, ಆಮೇಲೆ ತಂತ್ರಾಂಶ ಓಡಿಸಿ. ತಪ್ಪನ್ನು ಒಂದು ಆರ್ಕ್‌ಮಿನಿಟ್‌ಗೆ (ಡಿಗ್ರಿಯ 60ರಲ್ಲಿ ಒಂದು ಪಾಲಿಗೆ) ಇಳಿಸಿದರೆ ಸಾಕು, ಉಳಿದದ್ದನ್ನು ಗೈಡಿಂಗ್ (ಒಂದು ನಕ್ಷತ್ರವನ್ನು ನೋಡುತ್ತ ಮೌಂಟಿನ ಚಲನೆ ತಿದ್ದುವುದು) ನೋಡಿಕೊಳ್ಳುತ್ತದೆ. ತಾರಸಿಯ ಮೇಲೆ ಫೋನಿನ ದಿಕ್ಸೂಚಿ ನಂಬಬೇಡಿ. ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳು ಅದನ್ನು ಹತ್ತಾರು ಡಿಗ್ರಿ ತಪ್ಪಿಸಬಹುದು. ಭೂಪಟದಲ್ಲಿ ನಿಮ್ಮ ಮನೆಯ ಗೋಡೆ ಯಾವ ದಿಕ್ಕಿಗಿದೆ ಎಂದು ಅಳೆದು, ಆ ಗೋಡೆಯ ಆಧಾರದಿಂದ ಉತ್ತರ ಗುರುತಿಸಿ.

ಎರಡನೆಯದು ಹಳೆಯ ಡ್ರಿಫ್ಟ್ ವಿಧಾನ, ನಕ್ಷತ್ರ ಜರುಗುವುದನ್ನು ನೋಡುತ್ತ ತಿರುಪು ಸರಿಮಾಡುವುದು. ಗೈಡಿಂಗ್ ತಂತ್ರಾಂಶವಾದ ಪಿಎಚ್‌ಡಿ2ನಲ್ಲಿ ಇದಕ್ಕೆ ಸಹಾಯಕ ಇದೆ. ದಕ್ಷಿಣೋತ್ತರ ರೇಖೆಯ ಬಳಿ, ಆಕಾಶ ವಿಷುವದ್ವೃತ್ತದ ಹತ್ತಿರದ ನಕ್ಷತ್ರದಿಂದ ಪೂರ್ವ-ಪಶ್ಚಿಮದ ತಿರುಪನ್ನು ಸರಿಮಾಡಬೇಕು. ಪೂರ್ವ ಅಥವಾ ಪಶ್ಚಿಮದಲ್ಲಿ ತಗ್ಗಿನಲ್ಲಿರುವ ನಕ್ಷತ್ರದಿಂದ ಎತ್ತರದ ತಿರುಪನ್ನು ಸರಿಮಾಡಬೇಕು. ಸಮಯ ಹಿಡಿಯುತ್ತದೆ, ಫಲಿತಾಂಶ ಮಾತ್ರ ಗಟ್ಟಿ. ತಾರಸಿಯ ಮೇಲೆ ಟ್ರೈಪಾಡಿನ ಮೂರು ಕಾಲಿನ ಜಾಗಕ್ಕೆ ಬಣ್ಣದ ಗುರುತು ಹಾಕಿಟ್ಟರೆ ಮರುದಿನದ ಕೆಲಸ ಅರ್ಧಕ್ಕಿಳಿಯುತ್ತದೆ.

ಇನ್ನು ಕೌಂಟರ್‌ವೇಟ್. ನಮ್ಮ ಅಕ್ಷಾಂಶದಲ್ಲಿ ಮೌಂಟಿನ ತಲೆ ಹೆಚ್ಚುಕಡಿಮೆ ಅಡ್ಡವಾಗಿ ಮಲಗಿರುತ್ತದೆ, ಭಾರದ ಸರಳು ನೆಟ್ಟಗೆ ಕೆಳಕ್ಕೆ ತೂಗುತ್ತದೆ. ಉತ್ತರಕ್ಕೆ ಒಂದು ಕಾಲಿದ್ದರೆ ಡಿಕ್ಕಿ ಖಚಿತ. ಬಹುತೇಕ ಟ್ರೈಪಾಡುಗಳಲ್ಲಿ ದಿಕ್ಕಿನ ಗೂಟವನ್ನು ಬಿಚ್ಚಿ ಬೇರೆ ಕಡೆ ಹಾಕಬಹುದು. ಉತ್ತರಕ್ಕೆ ಎರಡು ಕಾಲುಗಳ ನಡುವಿನ ಖಾಲಿ ಜಾಗ ಬರುವ ಹಾಗೆ ತಿರುಗಿಸಿಕೊಳ್ಳಿ. ಆಗ ತಲೆಯ ಭಾರ ಆ ಖಾಲಿ ಜಾಗದ ಕಡೆಗೇ ಬಾಗುವುದರಿಂದ ಕಾಲುಗಳನ್ನು ಉದ್ದಕ್ಕೆ ಎಳೆಯದೆ, ಅಗಲವಾಗಿ ಹರಡಿ ನಿಲ್ಲಿಸಿ. ಅದೂ ಆಗದಿದ್ದರೆ ನಡುವೆ ಮೌಂಟನ್ನು ಎತ್ತರಿಸುವ ಪಿಯರ್ ಎಕ್ಸ್‌ಟೆನ್ಶನ್ ಹಾಕಿ. ರೋಸೆಟ್ ನೀಹಾರಿಕೆ ಇಲ್ಲಿ 83 ಡಿಗ್ರಿ ಎತ್ತರಕ್ಕೆ, ಬಹುತೇಕ ನೆತ್ತಿಗೇ ಬರುತ್ತದೆ. ಆ ಹೊತ್ತಿನಲ್ಲಿ ಕ್ಯಾಮೆರಾ ಕೆಳಗಿಳಿದು ಕಾಲಿಗೆ ತಾಗಬಹುದು. ಹಗಲಲ್ಲೇ ಒಮ್ಮೆ ಕೈಯಲ್ಲಿ ತಿರುಗಿಸಿ ಎಲ್ಲಿ ತಾಗುತ್ತದೆಂದು ನೋಡಿ, ಮೆರಿಡಿಯನ್ ಫ್ಲಿಪ್ (ದೂರದರ್ಶಕವನ್ನು ಮೌಂಟಿನ ಇನ್ನೊಂದು ಬದಿಗೆ ಹೊರಳಿಸುವುದು) ಅದಕ್ಕೂ ಮೊದಲೇ ಆಗುವಂತೆ ಮಿತಿ ಹಾಕಿ.

ಪ್ರಶ್ನೆ: ಒಂದೊಂದು ಎಕ್ಸ್‌ಪೋಷರ್ ಎಷ್ಟು ಹೊತ್ತು? ಒಬ್ಬರು 2 ನಿಮಿಷ ಸಾಕು ಎನ್ನುತ್ತಾರೆ, ಇನ್ನೊಬ್ಬರು 10ಕ್ಕಿಂತ ಕಡಿಮೆ ಬೇಡ ಎನ್ನುತ್ತಾರೆ. ನನ್ನದು 533 ಮಾದರಿ ಸೆನ್ಸರಿನ, ಸೆನ್ಸರನ್ನು ತಣಿಸುವ ಕ್ಯಾಮೆರಾ, ಎಫ್/5.
— ಓದುಗರು, ಮಂಡ್ಯ

ಉತ್ತರ: ಇಬ್ಬರೂ ಅವರವರ ತಾರಸಿಗೆ ಸರಿಯಿರಬಹುದು. ನಿಮ್ಮದಕ್ಕೆ ಎಷ್ಟು ಎಂಬುದನ್ನು ಒಂದು ರಾತ್ರಿ ಅಳೆದು ನೋಡಿ, ಹತ್ತು ನಿಮಿಷದ ಕೆಲಸ.

ತತ್ವ ಸರಳ. ಪ್ರತಿ ಸಲ ಸೆನ್ಸರನ್ನು ಓದುವಾಗ ಕ್ಯಾಮೆರಾ ತನ್ನದೇ ಒಂದಿಷ್ಟು ಗದ್ದಲ ಸೇರಿಸುತ್ತದೆ. ಇದು ರೀಡ್ ನಾಯ್ಸ್. ಆಕಾಶದ ಹಿನ್ನೆಲೆಯ ಗದ್ದಲ ಇದಕ್ಕಿಂತ ಸಾಕಷ್ಟು ದೊಡ್ಡದಾಗುವವರೆಗೆ ಎಕ್ಸ್‌ಪೋಷರ್ ಬಿಟ್ಟರೆ, ಆಮೇಲೆ ಇನ್ನೂ ಉದ್ದ ಮಾಡಿ ಹೆಚ್ಚಿನ ಲಾಭವಿಲ್ಲ. ಒಪ್ಪಿತ ಅಳತೆ ಏನೆಂದರೆ, ಪ್ರತಿ ಪಿಕ್ಸೆಲಿನಲ್ಲಿ ಆಕಾಶದಿಂದ ಬಂದ ಇಲೆಕ್ಟ್ರಾನುಗಳು ರೀಡ್ ನಾಯ್ಸಿನ ವರ್ಗದ 10 ಪಟ್ಟು ಇರಬೇಕು. ಆಗ ರೀಡ್ ನಾಯ್ಸಿನಿಂದಾಗುವ ನಷ್ಟ ಶೇ 5ಕ್ಕೆ ನಿಲ್ಲುತ್ತದೆ. ನಿಮ್ಮ ಕ್ಯಾಮೆರಾದ ರೀಡ್ ನಾಯ್ಸ್ ಗೇನ್ (ಸಂಕೇತ ಹಿಗ್ಗಿಸುವ ಮಟ್ಟ) 100ರಲ್ಲಿ ಸುಮಾರು 1.5 ಇಲೆಕ್ಟ್ರಾನ್. ಅದರ ವರ್ಗ 2.25, ಹತ್ತು ಪಟ್ಟು 22.5 ಇಲೆಕ್ಟ್ರಾನ್. ಇದು ನಿಮ್ಮ ಗುರಿ.

ಈಗ ಅಳತೆ. ಚಂದ್ರನಿಲ್ಲದ ರಾತ್ರಿ ಫಿಲ್ಟರ್ ಹಾಕಿ, ನೀಹಾರಿಕೆ ಇಲ್ಲದ ಜಾಗಕ್ಕೆ ತಿರುಗಿಸಿ 300 ಸೆಕೆಂಡಿನ ಒಂದು ಚಿತ್ರ ತೆಗೆಯಿರಿ. ಅದೇ ಗೇನ್, ಅದೇ ಆಫ್‌ಸೆಟ್, ಅದೇ ತಾಪಮಾನದಲ್ಲಿ 300 ಸೆಕೆಂಡಿನ ಡಾರ್ಕ್ (ಮುಚ್ಚಳ ಹಾಕಿದ ಚಿತ್ರ) ತೆಗೆಯಿರಿ. ಎರಡರ ಮೀಡಿಯನ್ ಮೌಲ್ಯಗಳ ವ್ಯತ್ಯಾಸ 60 ಬಂತೆನ್ನಿ. ಈ ಸೆನ್ಸರ್ 14 ಬಿಟ್ಟಿನದು, ಕಡತದಲ್ಲಿ 16 ಬಿಟ್ಟಿಗೆ ಹಿಗ್ಗಿಸಿರುತ್ತದೆ, ಆದ್ದರಿಂದ 4ರಿಂದ ಭಾಗಿಸಿ: 15. ಗೇನ್ 100ರಲ್ಲಿ ಒಂದು ಎಣಿಕೆಗೆ ಸುಮಾರು ಒಂದು ಇಲೆಕ್ಟ್ರಾನ್, ಅಂದರೆ 15 ಇಲೆಕ್ಟ್ರಾನ್. 22.5ಕ್ಕೆ ಮುಟ್ಟಲು 450 ಸೆಕೆಂಡು ಬೇಕು. ಹಾಗಂತ 450ಕ್ಕೇ ಹಟ ಹಿಡಿಯಬೇಕಿಲ್ಲ, 300ರಲ್ಲಿ ನಿಂತರೂ ನಷ್ಟ ಶೇ 5ರ ಬದಲು 7 ಅಷ್ಟೇ. ಗಾಳಿ, ಗೈಡಿಂಗ್ ತಪ್ಪು, ಹಾದುಹೋಗುವ ವಿಮಾನ ಇವುಗಳಿಂದ ಒಂದು ಚಿತ್ರ ಕೆಟ್ಟರೆ ಕಳೆದುಕೊಳ್ಳುವುದು 5 ನಿಮಿಷವೋ ಏಳೂವರೆಯೋ ಎಂಬುದನ್ನೂ ತೂಗಿ ನೋಡಿ. ಬಣ್ಣದ ಕ್ಯಾಮೆರಾ ಆದರೆ ಕೆಂಪು, ಹಸಿರು, ನೀಲಿ ಪಿಕ್ಸೆಲ್‌ಗಳನ್ನು ಬೇರೆಬೇರೆಯಾಗಿ ಅಳೆದು, ಕಡಿಮೆ ಬಂದದ್ದನ್ನು ಲೆಕ್ಕಕ್ಕೆ ಹಿಡಿಯಿರಿ. ಅದೇ ತಾರಸಿಯಲ್ಲಿ ಫಿಲ್ಟರ್ ಇಲ್ಲದೆ ಈ ಗುರಿಗೆ ಹತ್ತು ಸೆಕೆಂಡೇ ಸಾಕಾಗುತ್ತದೆ. ಫಿಲ್ಟರ್ ಹಾಕಿದ ಮೇಲೂ 30 ಸೆಕೆಂಡಿನ ಹಳೆಯ ಅಭ್ಯಾಸದಲ್ಲೇ ಉಳಿದವರ ಚಿತ್ರದಲ್ಲಿ ಗೆರೆಗೆರೆಯಾಗಿ ಗದ್ದಲ ಕಾಣುವುದು ಇದರಿಂದಲೇ.

ಎಕ್ಸ್‌ಪೋಷರಿನ ಉದ್ದಕ್ಕಿಂತ ಒಟ್ಟು ಸಮಯ ಮುಖ್ಯ. ರೋಸೆಟ್‌ಗೆ 300 ಸೆಕೆಂಡಿನ 100 ಚಿತ್ರ, ಅಂದರೆ 8 ಗಂಟೆ 20 ನಿಮಿಷ, ಎರಡು ಮೂರು ರಾತ್ರಿ ಸೇರಿಸಿ ಮಾಡಿದರೆ ತೃಪ್ತಿಯಾಗುವಂಥ ಚಿತ್ರ ಬರುತ್ತದೆ. ಪ್ರತಿ ಎರಡು ಮೂರು ಚಿತ್ರಕ್ಕೊಮ್ಮೆ ಕೆಲವು ಪಿಕ್ಸೆಲ್ ಅತ್ತಿತ್ತ ಸರಿಸುವ ಡಿದರಿಂಗ್ ಬಿಡಬೇಡಿ. ಒಂದೇ ದಿಕ್ಕಿಗೆ ಮಳೆ ಬಿದ್ದಂತೆ ಕಾಣುವ ಗದ್ದಲಕ್ಕೆ ಅದೊಂದೇ ಮದ್ದು.

ಪ್ರಶ್ನೆ: ಹೈಡ್ರೋಜನ್-ಆಲ್ಫಾ ಚೆನ್ನಾಗಿ ಬರುತ್ತದೆ. ಓ-3ಯಲ್ಲಿ ಬರೀ ಗದ್ದಲ, ಜೊತೆಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಏರುವ ಬೆಳಕು. ಫಿಲ್ಟರ್ ದೋಷವೆ?
— ಓದುಗರು, ಶ್ರೀರಂಗಪಟ್ಟಣ

ಉತ್ತರ: ನೀವು ಕಳಿಸಿದ ಚಿತ್ರಗಳನ್ನು ಹುಣ್ಣಿಮೆಯ ಹಿಂದುಮುಂದಿನ ದಿನಗಳಲ್ಲಿ ತೆಗೆದದ್ದು. ಅಲ್ಲೇ ಉತ್ತರವಿದೆ. ಚಂದ್ರನ ಬೆಳಕು ವಾತಾವರಣದಲ್ಲಿ ಚದುರುವಾಗ ನೀಲಿ-ಹಸಿರು ಹೆಚ್ಚು ಚದುರುತ್ತದೆ, ಕಡುಗೆಂಪು ಕಡಿಮೆ. 500.7 ಆ ತೊಂದರೆಯ ನಡುವೆಯೇ ಇದೆ. ಎಲ್‌ಇಡಿಯ ಬೆಳಕೂ ಅಲ್ಲಿ ಹೆಚ್ಚು. ಏರುವ ಬೆಳಕು ನೈಋತ್ಯದಲ್ಲಿರುವ ಮೈಸೂರಿನ ಪ್ರಭೆ, ಅದರ ಜೊತೆಗೆ ಚಂದ್ರನದು.

ಆದ್ದರಿಂದ ತಿಂಗಳನ್ನು ಎರಡು ಪಾಲು ಮಾಡಿ. ಮಾನೋ (ಕಪ್ಪು-ಬಿಳುಪು) ಕ್ಯಾಮೆರಾ ಇದ್ದವರು ಚಂದ್ರ ದೊಡ್ಡದಿರುವ ದಿನಗಳಲ್ಲಿ ಹೈಡ್ರೋಜನ್-ಆಲ್ಫಾ ಮತ್ತು ಎಸ್-2 ತೆಗೆಯಲಿ, ಚಂದ್ರನಿಂದ 60 ಡಿಗ್ರಿಗಿಂತ ದೂರದ ನೀಹಾರಿಕೆ ಆರಿಸಿಕೊಳ್ಳಲಿ. ಓ-3 ಪೂರ್ತಿಯಾಗಿ ಅಮಾವಾಸ್ಯೆಯ ಸುತ್ತಲಿನ ದಿನಗಳಿಗೆ ಮೀಸಲು, ಅದರಲ್ಲೂ ನೀಹಾರಿಕೆ ನೆತ್ತಿಯ ಹತ್ತಿರವಿರುವ ಗಂಟೆಗಳಿಗೆ. ಡ್ಯುಯಲ್-ಬ್ಯಾಂಡ್ ಬಳಸುವವರಿಗೆ ಎರಡೂ ಒಟ್ಟಿಗೇ ಬರುವುದರಿಂದ ಆ ಆಯ್ಕೆ ಇಲ್ಲ. ಅವರು ಚಂದ್ರನಿರುವ ರಾತ್ರಿಯ ಚಿತ್ರಗಳಿಂದ ಹೈಡ್ರೋಜನ್ ಮಾತ್ರ ತಗೊಂಡು ಓ-3ಯನ್ನು ಬಿಟ್ಟುಬಿಡಬಹುದು.

ನಮ್ಮ ಪಂಚಾಂಗ ಇಲ್ಲಿ ನೆರವಾಗುತ್ತದೆ. ಮಹಾಶಿವರಾತ್ರಿ ಯಾವಾಗಲೂ ಮಾಘ ಬಹುಳ ಚತುರ್ದಶಿ, ಅಮಾವಾಸ್ಯೆಯ ಹಿಂದಿನ ರಾತ್ರಿ. ಚಂದ್ರ ಏಳುವುದು ಬೆಳಗಿನ ಜಾವಕ್ಕೆ. ಫೆಬ್ರವರಿ-ಮಾರ್ಚಿನ ಒಣ ಆಕಾಶ, ಹೇಗೂ ಜಾಗರಣೆಯ ರಾತ್ರಿ. ವರ್ಷದ ಅತ್ಯುತ್ತಮ ಓ-3 ರಾತ್ರಿಗಳಲ್ಲಿ ಅದೊಂದು. ಯುಗಾದಿಯ ಹಿಂದಿನ ಎರಡು ಮೂರು ರಾತ್ರಿಗಳೂ ಹಾಗೆಯೇ. ದೀಪಾವಳಿಯೂ ಅಮಾವಾಸ್ಯೆಯೇ ಆದರೂ ಪಟಾಕಿಯ ಹೊಗೆ, ಹಿಂಗಾರಿನ ಮೋಡ ಎರಡೂ ಅಡ್ಡಿ. ಹೊಗೆ ಎಂದಾಗ, ನಿಮ್ಮ ಸುತ್ತ ಕಬ್ಬಿನ ಗದ್ದೆಗಳಿದ್ದರೆ ತರಗು ಸುಡುವ ಮತ್ತು ಆಲೆಮನೆ ನಡೆಯುವ ದಿನಗಳಲ್ಲಿ ಗಾಳಿಯ ದಿಕ್ಕು ನೋಡಿಕೊಳ್ಳಿ. ಸಣ್ಣ ಹೊಗೆಯ ಕಣಗಳು ಕೆಂಪಿಗಿಂತ ನೀಲಿ-ಹಸಿರನ್ನೇ ಹೆಚ್ಚು ಚದುರಿಸುತ್ತವೆ.

ಕೊನೆಯದಾಗಿ, ಎಲ್ಲ ನೀಹಾರಿಕೆಯಲ್ಲೂ ಓ-3 ಧಾರಾಳವಾಗಿಲ್ಲ. ಕುದುರೆ ತಲೆ, ಕ್ಯಾಲಿಫೋರ್ನಿಯಾ ಇವುಗಳದು ಬಹುಪಾಲು ಜಲಜನಕ. ಅಲ್ಲಿ ಓ-3 ಕಾಣದಿದ್ದರೆ ನಿಮ್ಮ ತಪ್ಪಲ್ಲ. ಓ-3 ಸಮೃದ್ಧವಾಗಿರುವುದು ವುಲ್ಫ್-ರಯೆ ಎಂಬ ಅತಿ ಬಿಸಿಯಾದ ಬಗೆಯ ನಕ್ಷತ್ರದ ಸುತ್ತಲಿನ ಥಾರ್‌ನ ಶಿರಸ್ತ್ರಾಣ, ವೇಲ್ ನೀಹಾರಿಕೆ, ಹೀಲಿಕ್ಸ್, ಡಂಬ್‌ಬೆಲ್‌ಗಳಲ್ಲಿ. ರೋಸೆಟ್‌ನ ಒಳಭಾಗದಲ್ಲೂ ಚೆನ್ನಾಗಿದೆ. ಥಾರ್‌ನ ಶಿರಸ್ತ್ರಾಣ ಫೆಬ್ರವರಿ ಮಧ್ಯದಲ್ಲಿ ರಾತ್ರಿ ಹತ್ತರ ಹೊತ್ತಿಗೆ ದಕ್ಷಿಣದಲ್ಲಿ 64 ಡಿಗ್ರಿ ಎತ್ತರಕ್ಕಿರುತ್ತದೆ. ಶಿವರಾತ್ರಿಗೆ ಅದನ್ನೇ ಗುರಿ ಇಟ್ಟುಕೊಳ್ಳಿ.

ಪ್ರಶ್ನೆ: ನಾಲೆಯ ಪಕ್ಕದ ತೋಟದ ಮನೆ. ಮಧ್ಯರಾತ್ರಿಯಷ್ಟರಲ್ಲಿ ಲೆನ್ಸ್ ಮೇಲೆ ಇಬ್ಬನಿ. ಕರೆಂಟಿಗೂ ಭರವಸೆ ಇಲ್ಲ.
— ಓದುಗರು, ಪಾಂಡವಪುರ

ಉತ್ತರ: ಡಿಸೆಂಬರ್-ಜನವರಿಯಲ್ಲಿ ನೀರಾವರಿ ಬಯಲಿನಲ್ಲಿ ಇಬ್ಬನಿ ತಪ್ಪಿದ್ದಲ್ಲ. ಲೆನ್ಸಿನ ಉಂಗುರದ ಹಿಂದೆ ಒಂದು, ಗೈಡ್ ಸ್ಕೋಪಿಗೆ (ಗೈಡಿಂಗಿನ ಪುಟ್ಟ ದೂರದರ್ಶಕಕ್ಕೆ) ಒಂದು ಡ್ಯೂ ಹೀಟರ್ (ಇಬ್ಬನಿ ತಡೆಯಲು ಬೆಚ್ಚಗಾಗುವ) ಪಟ್ಟಿ ಸುತ್ತಿ, ಸಂಜೆಯಿಂದಲೇ ಹಾಕಿಡಿ. ಇಬ್ಬನಿ ಕೂತ ಮೇಲೆ ಹಾಕಿದರೆ ಆರಲು ಬಹಳ ಹೊತ್ತು. ಲೆನ್ಸ್ ಸುತ್ತಲ ಗಾಳಿಗಿಂತ ಒಂದೆರಡು ಡಿಗ್ರಿ ಬೆಚ್ಚಗಿದ್ದರೆ ಸಾಕು, ಪೂರ್ತಿ ಬಿಸಿ ಮಾಡಿದರೆ ನಕ್ಷತ್ರಗಳು ಉಬ್ಬುತ್ತವೆ. ಲೆನ್ಸ್ ಒಣಗಿದ್ದರೂ ಚಿತ್ರದ ನಡುವೆ ಒಂದು ಮಸುಕು ಕಲೆ ಗಂಟೆ ಕಳೆದಂತೆ ಬೆಳೆಯುತ್ತಿದ್ದರೆ ತೇವ ಇರುವುದು ತಣ್ಣನೆ ಕ್ಯಾಮೆರಾದ ಒಳಗೆ. ತೇವ ಹೀರುವ ಡೆಸಿಕೆಂಟ್ ಗುಳಿಗೆಗಳನ್ನು ಒಣಗಿಸಿ ಅಥವಾ ಬದಲಾಯಿಸಿ.

ವಿದ್ಯುತ್ತಿನ ಲೆಕ್ಕ: 12 ವೋಲ್ಟಿನಲ್ಲಿ ಕ್ಯಾಮೆರಾದ ಕೂಲಿಂಗ್ 2, ಮೌಂಟ್ 1, ಎರಡು ಹೀಟರ್ ಸೇರಿ 1, ಪುಟ್ಟ ಕಂಪ್ಯೂಟರ್ 1, ಒಟ್ಟು ಸುಮಾರು 5 ಆಂಪಿಯರ್. ಎಂಟು ಗಂಟೆಗೆ 40 ಆಂಪಿಯರ್-ಅವರ್. 50ರ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸಾಕು. ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದಾದ್ದರಿಂದ 80ಕ್ಕಿಂತ ಮೇಲಿನದು ಬೇಕು. ಮನೆಯ ಇನ್ವರ್ಟರಿನ 150ರ ಟ್ಯೂಬ್ಯುಲರ್ ಬ್ಯಾಟರಿ ಈ ಕೆಲಸಕ್ಕೆ ಧಾರಾಳ. ನೇರ 12 ವೋಲ್ಟನ್ನು ದಪ್ಪ ವೈರಿನಲ್ಲಿ, ಬ್ಯಾಟರಿಯ ತುದಿಯಲ್ಲೇ 10 ಆಂಪಿಯರ್ ಫ್ಯೂಸ್ ಹಾಕಿ ತಗೊಳ್ಳಿ. ಉದ್ದದ ತೆಳು ವೈರಿನಲ್ಲಿ ವೋಲ್ಟೇಜ್ ಬಿದ್ದರೆ ಮೊದಲು ತೊದಲುವುದು ಮೌಂಟ್.

ಪ್ರಶ್ನೆ: ಫ್ಲ್ಯಾಟ್ (ಸಮನಾದ ಬೆಳಕಿನಲ್ಲಿ ತೆಗೆದ ತಿದ್ದುವ ಚಿತ್ರ) ಹಾಕಿದರೂ ಧೂಳಿನ ಉಂಗುರ ಹೋಗುವುದಿಲ್ಲ.
— ಓದುಗರು, ನಂಜನಗೂಡು

ಉತ್ತರ: ಫ್ಲ್ಯಾಟ್ ತೆಗೆಯುವ ಮೊದಲು ಕ್ಯಾಮೆರಾ ತಿರುಗಿಸಿದ್ದೀರಾ, ಫೋಕಸ್ ಕದಲಿಸಿದ್ದೀರಾ, ಬೇರೆ ಫಿಲ್ಟರಿನ ಫ್ಲ್ಯಾಟ್ ಬಳಸಿದ್ದೀರಾ ಎಂದು ನೋಡಿ. ಮೂರರಲ್ಲಿ ಒಂದಾದರೂ ಉಂಗುರ ಉಳಿಯುತ್ತದೆ. ಮೂರೂ ಸರಿಯಿದ್ದರೆ ಬೆಳಕಿನ ಮಟ್ಟ ನೋಡಿ. ಎಲ್‌ಇಡಿ ಪ್ಯಾನಲ್‌ನಲ್ಲಿ 656ರ ಕಡುಗೆಂಪು ಕಡಿಮೆ, ಆದ್ದರಿಂದ ಬಣ್ಣದ ಕ್ಯಾಮೆರಾದಲ್ಲಿ ಹಸಿರು-ನೀಲಿ ಅರ್ಧಕ್ಕೆ ಬಂದಾಗ ಕೆಂಪು ಇನ್ನೂ ತಳದಲ್ಲಿರಬಹುದು. ಹಸಿರು ತುಂಬಿ ಹರಿಯದ ಹಾಗೆ ನೋಡಿಕೊಂಡು, ಕೆಂಪು ಸಾಕಷ್ಟು ಮೇಲೇರುವವರೆಗೆ ಎಕ್ಸ್‌ಪೋಷರ್ ಹೆಚ್ಚಿಸಿ. ಹಲವು ಸೆಕೆಂಡು ಹಿಡಿಯುವುದು ಸಹಜ. ಅಷ್ಟೇ ಅವಧಿಯ, ಮುಚ್ಚಳ ಹಾಕಿದ ಡಾರ್ಕ್-ಫ್ಲ್ಯಾಟ್ ಕಡ್ಡಾಯವಾಗಿ ತೆಗೆಯಿರಿ. 30 ಫ್ಲ್ಯಾಟ್, 30 ಡಾರ್ಕ್-ಫ್ಲ್ಯಾಟ್ ಸಾಕು.

ಧೂಳು ಎಲ್ಲಿ ಕೂತಿದೆ ಎಂದು ಲೆಕ್ಕದಿಂದಲೇ ಹೇಳಬಹುದು. ಉಂಗುರದ ವ್ಯಾಸ ಎಷ್ಟು ಪಿಕ್ಸೆಲ್ ಎಂದು ಅಳೆದು, ಪಿಕ್ಸೆಲಿನ ಗಾತ್ರದಿಂದ ಗುಣಿಸಿ, ಅದನ್ನು ಎಫ್ ಸಂಖ್ಯೆಯಿಂದ ಗುಣಿಸಿ. 3.76 ಮೈಕ್ರಾನ್ ಪಿಕ್ಸೆಲ್, ಎಫ್/5ರಲ್ಲಿ 200 ಪಿಕ್ಸೆಲಿನ ಉಂಗುರವೆಂದರೆ ಸೆನ್ಸರಿನಿಂದ ಸುಮಾರು 4 ಮಿಲಿಮೀಟರ್, ಅಂದರೆ ಸೆನ್ಸರಿನ ಹತ್ತಿರದ ಗಾಜು. 1,000 ಪಿಕ್ಸೆಲಿನದಾದರೆ ಸುಮಾರು 19 ಮಿಲಿಮೀಟರ್, ಬಹುಶಃ ಫಿಲ್ಟರ್. ಬಟ್ಟೆಯಲ್ಲಿ ಒರೆಸಬೇಡಿ, ರಬ್ಬರ್ ಊದುಕದಿಂದ ಊದಿ.

ಪ್ರಶ್ನೆ: ದಕ್ಷಿಣ ಗೋಳದವರು ಹೊಗಳುವ ಕರೀನಾ ನೀಹಾರಿಕೆ ಮೈಸೂರಿನಿಂದ ಸಿಗುತ್ತದೆಯೆ?
— ಓದುಗರು, ಶ್ರೀರಾಂಪುರ, ಮೈಸೂರು

ಉತ್ತರ: ಸಿಗುತ್ತದೆ, ಇದು ನಮ್ಮ ಅಕ್ಷಾಂಶದ ಭಾಗ್ಯ. ದೆಹಲಿಯವರಿಗೆ ಅದು ದಿಗಂತದ ಮೇಲೆ ಸರಿಯಾಗಿ ಏಳುವುದೇ ಇಲ್ಲ. ಇಲ್ಲಿ ದಕ್ಷಿಣದಲ್ಲಿ 18 ಡಿಗ್ರಿವರೆಗೆ ಏರುತ್ತದೆ, 15 ಡಿಗ್ರಿಗಿಂತ ಮೇಲೆ ಸುಮಾರು ಮೂರೂವರೆ ಗಂಟೆ ಇರುತ್ತದೆ. ಮಾರ್ಚ್ ಆರಂಭದಲ್ಲಿ ಮಧ್ಯರಾತ್ರಿಗೆ, ಏಪ್ರಿಲ್ ಮಧ್ಯದಲ್ಲಿ ರಾತ್ರಿ ಒಂಬತ್ತೂವರೆಗೆ ಗರಿಷ್ಠ ಎತ್ತರ. ಆ ಎತ್ತರದಲ್ಲಿ ಬೆಳಕು ನೆತ್ತಿಯಲ್ಲಿರುವಾಗಿನದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ಗಾಳಿ ದಾಟಿ ಬರಬೇಕು. ಹೈಡ್ರೋಜನ್-ಆಲ್ಫಾ ಅದನ್ನು ತಾಳಿಕೊಳ್ಳುತ್ತದೆ, ಓ-3 ಸೊರಗುತ್ತದೆ. ನಗರ ನಿಮ್ಮ ಉತ್ತರಕ್ಕಿರಬೇಕು. ನಂಜನಗೂಡು ರಸ್ತೆಯ ಕಡೆಯವರಿಗೆ ಇದು ಅನುಕೂಲ, ಮಂಡ್ಯ ರಸ್ತೆಯ ಕಡೆಯವರಿಗೆ ಊರಿನ ಪ್ರಭೆಯ ಮೇಲಿಂದಲೇ ನೋಡಬೇಕಾಗುತ್ತದೆ. ತುಂಬ ಪ್ರಕಾಶಮಾನವಾದ ನೀಹಾರಿಕೆ ಇದು, ಎರಡು ಗಂಟೆಯ ಹೈಡ್ರೋಜನ್ ಕೂಡ ಸಾರ್ಥಕ.

ಧನು ರಾಶಿಯ ಲಗೂನ್, ಅದರ ಮೇಲಿನ ಈಗಲ್ ನೀಹಾರಿಕೆಗಳು ಮಧ್ಯರಾತ್ರಿ ಗರಿಷ್ಠ ಎತ್ತರಕ್ಕೆ ಬರುವುದು ಜೂನಿನಲ್ಲಿ, ಮುಂಗಾರಿನ ಮೋಡದ ಹಿಂದೆ. ಅವುಗಳಿಗೆ ಮಳೆ ಕಾಯದೆ ಮಾರ್ಚ್-ಏಪ್ರಿಲಿನ ಬೆಳಗಿನ ಜಾವ ಮೂರರಿಂದ ಐದರವರೆಗಿನ ಗಂಟೆಗಳನ್ನು ಬಳಸಿ.

ಪ್ರಶ್ನೆ: ಹಬಲ್ ಬಣ್ಣ ಮಾಡಲು ಹೋದರೆ ಇಡೀ ಚಿತ್ರ ಹಸಿರಾಗುತ್ತದೆ, ನಕ್ಷತ್ರಗಳು ನೇರಳೆ. ಈ ಬಣ್ಣಗಳು ನಿಜವೇ ಅಲ್ಲವಂತೆ, ಹೌದೆ?
— ಓದುಗರು, ಮಳವಳ್ಳಿ

ಉತ್ತರ: ಗಂಧಕವೂ ಜಲಜನಕವೂ ಕಣ್ಣಿಗೆ ಒಂದೇ ಕೆಂಪು. ಅವನ್ನು ಬೇರೆಮಾಡಿ ತೋರಿಸಲು ಗಂಧಕಕ್ಕೆ ಕೆಂಪು, ಜಲಜನಕಕ್ಕೆ ಹಸಿರು, ಆಮ್ಲಜನಕಕ್ಕೆ ನೀಲಿ ಕೊಡುತ್ತಾರೆ. 1995ರಲ್ಲಿ ಹಬಲ್ ಬಾಹ್ಯಾಕಾಶ ದೂರದರ್ಶಕ ತೆಗೆದ ಈಗಲ್ ನೀಹಾರಿಕೆಯ ಕಂಬಗಳ ಚಿತ್ರದಿಂದ ಈ ಕ್ರಮ ಜನಪ್ರಿಯವಾಯಿತು. ಬಣ್ಣ ಕಣ್ಣಿನದಲ್ಲ, ಆದರೆ ಯಾವ ಅನಿಲ ಎಲ್ಲಿದೆ ಎಂಬ ಮಾಹಿತಿ ನಿಜವಾದದ್ದು.

ಹಸಿರಾಗುವುದು ಜಲಜನಕ ಉಳಿದೆರಡಕ್ಕಿಂತ ಎಷ್ಟೋ ಪ್ರಬಲವಾಗಿರುವುದರಿಂದ. ಮೂರನ್ನೂ ಸೇರಿಸುವ ಮೊದಲೇ ತಂತ್ರಾಂಶಗಳಲ್ಲಿ ಒಂದೊಂದನ್ನೂ ಪ್ರತ್ಯೇಕವಾಗಿ ಸರಿಮಾಡಿ: ಗ್ರಾಕ್ಸ್‌ಪರ್ಟ್‌ನಲ್ಲಿ ಏರಿಳಿತದ ಹಿನ್ನೆಲೆ ತೆಗೆಯಿರಿ, ಸ್ಟಾರ್‌ನೆಟ್‌ನಲ್ಲಿ ನಕ್ಷತ್ರ ಬೇರ್ಪಡಿಸಿ, ನಂತರ ಓ-3 ಮತ್ತು ಎಸ್-2ಗಳನ್ನು ಜಲಜನಕದ ಮಟ್ಟಕ್ಕೆ ಬರುವಷ್ಟು ಹಿಗ್ಗಿಸಿ ಸೇರಿಸಿ. ಉಳಿದ ಹಸಿರನ್ನು ಚಿತ್ರ ಸಂಸ್ಕರಿಸುವ ತಂತ್ರಾಂಶ ಸಿರಿಲ್‌ನ ಹಸಿರು ಗದ್ದಲ ತೆಗೆಯುವ ಸಾಧನದಿಂದ ಇಳಿಸಬಹುದು, ಪೂರ್ತಿ ತೆಗೆದರೆ ಜಲಜನಕದ ವಿವರವೇ ಹೋಗುತ್ತದೆ. ಡ್ಯುಯಲ್-ಬ್ಯಾಂಡ್ ಬಳಸುವವರಿಗೆ ಸಿರಿಲ್‌ನಲ್ಲಿ ಹೈಡ್ರೋಜನ್ ಮತ್ತು ಓ-3 ಬೇರ್ಪಡಿಸುವ ಸ್ಕ್ರಿಪ್ಟ್ ಸಿದ್ಧವಾಗಿಯೇ ಇದೆ. ಕೆಂಪಿಗೆ ಹೈಡ್ರೋಜನ್, ಹಸಿರು-ನೀಲಿ ಎರಡಕ್ಕೂ ಓ-3 ಕೊಟ್ಟರೆ ಸಹಜಕ್ಕೆ ಹತ್ತಿರದ ಬಣ್ಣ ಬರುತ್ತದೆ. ನಕ್ಷತ್ರಗಳ ನೇರಳೆಗೆ ಒಳ್ಳೆಯ ಪರಿಹಾರ ಬೇರೆ ಇದೆ: ಫಿಲ್ಟರ್ ತೆಗೆದು 10 ಸೆಕೆಂಡಿನ ನೂರಿನ್ನೂರು ಚಿತ್ರ ತೆಗೆಯಿರಿ, ಅದರ ನಕ್ಷತ್ರಗಳನ್ನು ನೀಹಾರಿಕೆಯ ಚಿತ್ರದ ಮೇಲೆ ಕೂರಿಸಿ. ಫಿಲ್ಟರ್ ತೆಗೆದಾಗ ಫೋಕಸ್ ಬದಲಾಗುತ್ತದೆ. ಲುಬ್ಧಕದಂಥ ಪ್ರಕಾಶಮಾನ ನಕ್ಷತ್ರದ ಮೇಲೆ ಫೋಕಸ್ ಹಿಡಿಯಲು ನೆರವಾಗುವ ಬಹ್ಟಿನೋವ್ ಮಾಸ್ಕ್ ಹಾಕಿ ಮತ್ತೆ ಹೊಂದಿಸಿ.

ಪ್ರಶ್ನೆ: ನನ್ನ ಬಳಿ ಇರುವುದು ಸಾಮಾನ್ಯ ಡಿಎಸ್‌ಎಲ್‌ಆರ್, 135 ಮಿಲಿಮೀಟರ್ ಲೆನ್ಸ್, ಆಕಾಶದ ಜೊತೆ ಕ್ಯಾಮೆರಾ ತಿರುಗಿಸುವ ಪುಟ್ಟ ಟ್ರ್ಯಾಕರ್. ನ್ಯಾರೋಬ್ಯಾಂಡ್ ಸಾಧ್ಯವೆ?
— ವಿದ್ಯಾರ್ಥಿ, ಮಂಡ್ಯ

ಉತ್ತರ: ಸಾಧ್ಯ, ಮಿತಿ ತಿಳಿದಿರಲಿ. ಕ್ಯಾಮೆರಾದೊಳಗಿನ ಕಾರ್ಖಾನೆಯ ಫಿಲ್ಟರ್ ಹೈಡ್ರೋಜನ್-ಆಲ್ಫಾದ ಸುಮಾರು ಕಾಲು ಭಾಗವನ್ನಷ್ಟೇ ಒಳಗೆ ಬಿಡುತ್ತದೆ, ಓ-3ಯನ್ನು ಚೆನ್ನಾಗಿಯೇ ಬಿಡುತ್ತದೆ. ಫಿಲ್ಟರಿಗೆ ಹಣ ಹಾಕುವ ಮೊದಲು ಮಹಾವ್ಯಾಧದ ಎಂ42 ನೀಹಾರಿಕೆಯಿಂದ ಶುರುಮಾಡಿ. ಅದು ಎಷ್ಟು ಪ್ರಕಾಶಮಾನವೆಂದರೆ ಫಿಲ್ಟರ್ ಇಲ್ಲದೆಯೂ ಐಎಸ್‌ಒ 800, ಎಫ್/4, 10–15 ಸೆಕೆಂಡಿನ ಇನ್ನೂರು ಚಿತ್ರ ಸೇರಿಸಿದರೆ ಮಂಡ್ಯದೊಳಗಿನಿಂದಲೇ ಸಿಗುತ್ತದೆ. ಮುಂದುವರಿಯುವುದಾದರೆ ಮೊದಲ ಖರ್ಚು ಆ ಒಳ ಫಿಲ್ಟರ್ ತೆಗೆಸುವುದಕ್ಕೆ, ಎರಡನೆಯದು ಲೆನ್ಸಿನ ಹಿಂದೆ ಕೂರುವ ಕ್ಲಿಪ್-ಇನ್ ಡ್ಯುಯಲ್-ಬ್ಯಾಂಡ್‌ಗೆ. ನಿಮ್ಮ ಕ್ಯಾಮೆರಾದ ಮಾದರಿಗೆ ಹೊಂದುವ ಕ್ಲಿಪ್ ಇದೆಯೇ ಎಂದು ಮೊದಲೇ ವಿಚಾರಿಸಿ. ಲೆನ್ಸನ್ನು ಎಫ್/2ರಲ್ಲಿ ಪೂರ್ತಿ ತೆರೆಯದೆ ಎಫ್/4ಕ್ಕೆ ಇಳಿಸಿ, ಮೇಲೆ ಹೇಳಿದ ಓರೆ ಕಿರಣದ ತೊಂದರೆ ಆಗ ಕಾಡುವುದಿಲ್ಲ. ಗೈಡಿಂಗ್ ಇಲ್ಲದ ಟ್ರ್ಯಾಕರ್ ಆದ್ದರಿಂದ 60 ಸೆಕೆಂಡಿನಿಂದ ಶುರುಮಾಡಿ, ನಕ್ಷತ್ರ ದುಂಡಗೆ ಉಳಿಯುವವರೆಗೆ ಏರಿಸುತ್ತ ಹೋಗಿ. ಒಳ ಫಿಲ್ಟರ್ ತೆಗೆಸಿದ ಕ್ಯಾಮೆರಾದಲ್ಲಿ ಹಗಲಿನ ಚಿತ್ರಗಳು ಕೆಂಪಗೆ ಬರುತ್ತವೆ. ಮನೆಯ ಸಮಾರಂಭಗಳಿಗೂ ಅದೇ ಕ್ಯಾಮೆರಾ ಬೇಕಿದ್ದರೆ ಕಸ್ಟಮ್ ವೈಟ್ ಬ್ಯಾಲೆನ್ಸ್ ಹೊಂದಿಸಿಕೊಳ್ಳಬೇಕಾಗುತ್ತದೆ.